ಮೂರು ಕೊಟೇಶನ್, ಒಂದು ಉಡಿ

ಫೆಬ್ರುವರಿ 11, ಮಂಗಳವಾರ

ಬೆಳಿಗ್ಗೆಯಿಂದ ರೊಟ್ಟಿ ಬಡಿದದ್ದೇ ಬಡಿದದ್ದು. ಖರಾಡಿಯ ಅಪಾರ್ಟ್‌ಮೆಂಟ್ ಸೊಸೈಟಿಗಳಿಂದ ಆರ್ಡರ್. ಖಡಕ್ ರೊಟ್ಟಿ ಅವರಿಗೆ ಈಗ ಡಯೆಟ್ ಅಂತೆ. ನಾವು ಹೊಟ್ಟೆ ತುಂಬಲೆಂದು ತಿಂದದ್ದನ್ನು ಅವರು ಹೊಟ್ಟೆ ಇಳಿಯಲೆಂದು ತಿನ್ನುತ್ತಾರೆ. ತಿನ್ನಲಿ. ನಮಗೇನು.

ಶಾವಂತ್ರವ್ವನ ಮಣಿಕಟ್ಟು ಮತ್ತೆ ಬಾತಿದೆ. ಹಳೇ ಸೀರೆಯ ಚೂರು ಸುತ್ತಿಕೊಂಡು ಬಡಿಯುತ್ತಾಳೆ. ಹೀಗೇ ಬಡಿದರೆ ಆ ಕೈ ಲೋಟ ಹಿಡಿಯುವುದಕ್ಕೂ ಬರುವುದಿಲ್ಲ ಎಂದು ಡಾಕ್ಟರ್ ಹೇಳಿ ಆಗಿದೆ. ಕೇಳುವವಳಲ್ಲ. ಬಡಿಯದಿದ್ದರೆ ಪಾಲಿಲ್ಲವಲ್ಲ.

ಮಧ್ಯಾಹ್ನ ಶಮಂತ್ ಬಂದ. ಅನುದಾನದ ಕಚೇರಿಯವನು, ಬೆಂಗಳೂರಿನ ಮಾತು. ದಿಲ್ಲಿಯಿಂದ ನಮ್ಮ ಬಚತ್ ಗಟಕ್ಕೆ, ಅಂದರೆ ಹೆಂಗಸರ ಉಳಿತಾಯ ಸಂಘಕ್ಕೆ, ರೊಟ್ಟಿ ಮಷಿನ್ ಕೊಳ್ಳಲು ಹಣ ಮಂಜೂರಾಗಿದೆ! ಯೆರವಡಾದ ಓಣಿಯ ಹೆಂಗಸರಿಗೆ ದಿಲ್ಲಿಯ ಹಣ. ಗಟಕ್ಕೆ ಅಧ್ಯಕ್ಷೆ ನಾನು. ನಾಲ್ಕನೇ ಇಯತ್ತೆ ಓದಿದ ಅಧ್ಯಕ್ಷೆ.

"ಅಜ್ಜಿ, ಮೂರು ಕೊಟೇಶನ್ ಬೇಕೇ ಬೇಕು. ಸೀಲ್ ಮಾಡಿದ ಕವರ್‌ನಲ್ಲಿ. ಎಲ್ಲರ ಎದುರಿಗೆ ಓಪನ್ ಮಾಡ್ಬೇಕು. ಮಾರ್ಚ್ ಒಳಗೆ ಮಷಿನ್ ಬರದಿದ್ರೆ ಗ್ರಾಂಟ್ ಲ್ಯಾಪ್ಸ್ ಆಗುತ್ತೆ."

"ಅಜ್ಜಿ ಅನಬ್ಯಾಡಪಾ. ಆಫೀಸಿನ ಮಾತು ನಡದಾಗ ಅಧ್ಯಕ್ಷರ ಅನ್ನು."

"ಆಯ್ತು ಅಧ್ಯಕ್ಷರೇ."

ಲೀಲಾಕ್ಷಿ ನಮ್ಮ ಸೆಕ್ರೆಟರಿ. ಮಂಗಳೂರಿನ ಕಡೆಯವಳು, ಮನೆಯವರದು ಹೋಟೆಲ್. ಅವಳು ಹೇಳಿದಳು, "ಅದಕ್ಕೆಂತ ತಲೆಬಿಸಿ? ನನ್ನ ಮೈದುನ ಸುಖೇಶನಿಗೆ ಹೋಟೆಲ್ ಸಾಮಾನಿನ ಅಂಗಡಿ ಉಂಟಲ್ಲ. ಮೂರು ಕೊಟೇಶನೂ ಅವನೇ ತಂದು ಕೊಡ್ತಾನೆ. ಬೇರೆ ಬೇರೆ ಲೆಟರ್‌ಹೆಡ್‌ನಲ್ಲಿ. ಎಲ್ಲರೂ ಹಾಗೇ ಮಾಡೂದು."

ಶಮಂತ್ ಪೆನ್ನು ಕೆಳಗಿಟ್ಟ. ಅವನಿಗಿಂತ ಮೊದಲು ನನ್ನ ಬಾಯಿ ಎದ್ದಿತು.

"ಒಬ್ಬನ ಮೂರು ಪಟಗಾ ಸುತ್ತಿಕೊಂಡು ಬಂದ್ರ ಮೂರು ವರ ನೋಡಿಧಂಗ ಆಗ್ತದೇನ ಲೀಲಾಕ್ಷಿ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಸ್ವಲ್ಪ ತಡವಾಗಿ.

ಫೆಬ್ರುವರಿ 14, ಶುಕ್ರವಾರ

ಖರೀದಿ ಕಮಿಟಿ ಆಯಿತು. ನಾನು, ಶಾವಂತ್ರವ್ವ, ಲೀಲಾಕ್ಷಿ. ಆಮೇಲೆ ಶಮಂತ್ ನಿಯಮ ಓದಿದ — ಮಾರುವವರ ಸಂಬಂಧಿಕರು ಕಮಿಟಿಯಲ್ಲಿ ಕೂಡುವಂತಿಲ್ಲ. ಸುಖೇಶನೂ ಕೊಟೇಶನ್ ಹಾಕುವವನು. ಶಮಂತ್ ಮೆತ್ತಗೆ ಹೇಳುತ್ತಿದ್ದ. ನಾನು ಮೆತ್ತಗೆ ಹೇಳಲಿಲ್ಲ.

"ನೀ ಹೊರಗ ಕೂಡು ಲೀಲಾಕ್ಷಿ. ಬೀಗರು ಬಿಜ್ಜರು ಇದ್ದಲ್ಲೆ ನ್ಯಾಯ ಇರಂಗಿಲ್ಲ."

ಎದ್ದು ಹೋದಳು. ಅವಳ ಜಾಗಕ್ಕೆ ಯಶ್ಮಿತಾ ಬಂದಳು. ಚಿಕ್ಕ ವಯಸ್ಸು, ಮಕ್ಕಳಿಗೆ ಟ್ಯೂಶನ್ ಹೇಳುತ್ತಾಳೆ, ಮಾತು ಕಡಿಮೆ.

ಲೀಲಾಕ್ಷಿಗೆ ನೋವಾಯಿತು. ನಿಯಮ ಅಂದ ಮೇಲೆ ನಿಯಮ. ಹೀಗೆ ಬರೆಯುವಾಗ ಯಾಕೋ ಖುಷಿಯೇ ಆಗುತ್ತಿದೆ ನನಗೆ... ಇರಲಿ.

ಫೆಬ್ರುವರಿ 20, ಗುರುವಾರ

ಸುಖೇಶನ ಅಂಗಡಿಗೆ ಹೋಗಿ ಮಷಿನ್ ನೋಡಿದೆವು, ನಾನೂ ಶಾವಂತ್ರವ್ವನೂ. ಯಶ್ಮಿತಾ ಬರಲಿಲ್ಲ, ಟ್ಯೂಶನ್ ಮಕ್ಕಳಿಗೆ ಪರೀಕ್ಷೆ. ಹಿಟ್ಟು ನಮ್ಮದೇ, ಡಬ್ಬಿಯಲ್ಲಿ ಒಯ್ದಿದ್ದೆವು. ಎಲ್ಲಾ ಕಡೆ ಒಂದೇ ಹಿಟ್ಟಿನ ರೊಟ್ಟಿ ಮಾಡಿಸಿ ನೋಡುವುದು — ಇದು ನನ್ನ ತಲೆಯದು, ಶಮಂತ್ ಮೆಚ್ಚಿದ. ರೊಟ್ಟಿ ಚೆನ್ನಾಗಿ ಬಂತು. ತುಸು ದಪ್ಪ.

ಸುಖೇಶ ಕಾರಿನಲ್ಲಿ ಮನೆಗೆ ಬಿಡುತ್ತೇನೆಂದ. ಬೇಡ ಎಂದೆ. ಮಾರುವವನ ಕಾರು ಹತ್ತುವುದುಂಟೇ? ಬಿಸಿಲಲ್ಲಿ ಬಸ್ ಸ್ಟಾಪಿನವರೆಗೆ ನಡೆದೆವು.

"ರಾಧಕ್ಕ, ಆ ಕಾರಿನ್ಯಾಗ ನಾವು ಕುಂತಿದ್ರ ನಿನ್ನ ದಿಲ್ಲಿ ಸರಕಾರ ಬೀಳ್ತಿತ್ತೇನು?"

"ಬೀಳ್ತಿರಲಿಲ್ಲ. ನನ್ನ ಬಾಯಿ ಬೀಳ್ತಿತ್ತು."

"ನಿನ್ನ ಬಾಯಿ ಬಿದ್ರ ಓಣಿಗೆ ಹಬ್ಬ" ಎಂದಳು.

ಫೆಬ್ರುವರಿ 21, ಶುಕ್ರವಾರ

ಹೇಗೆ ಬರೆಯಲಿ.

ನಾವಿಬ್ಬರೇ ಲೋಕಲ್ ರೈಲು ಹಿಡಿದು ತಳೇಗಾಂವ ದಾಭಾಡೆಗೆ ಹೋದೆವು. ಅಲ್ಲಿ ಏಕನಾಥನ ವರ್ಕ್‌ಶಾಪ್. ನಿಪ್ಪಾಣಿ ಕಡೆಯವರು, ಮನೆಯಲ್ಲಿ ಕನ್ನಡ. ಮುಂದೆ ತಗಡಿನ ಶೆಡ್, ಹಿಂದೆ ಮನೆ. ಮಷಿನ್ ತಾನೇ ಮಾಡುತ್ತಾನೆ. ಮಾತು ಕಡಿಮೆ, ಕೈಯೆಲ್ಲ ಗ್ರೀಸು. ನಮ್ಮ ಹಿಟ್ಟು ಹಾಕಿದ. ರೊಟ್ಟಿ ಬಂತು. ತೆಳ್ಳಗೆ. ಶಾವಂತ್ರವ್ವ ಬಾತ ಕೈಯಲ್ಲಿ ಅದನ್ನು ಹಿಡಿದುಕೊಂಡು ನಿಂತೇ ಇದ್ದಳು.

ಹೊರಡುವಾಗ ಏಕನಾಥನ ತಾಯಿ ಕೃಷ್ಣಾಬಾಯಿ ಒಳಗೆ ಕರೆದರು. ಶುಕ್ರವಾರ, ಮನೆಗೆ ಬಂದ ಹೆಂಗಸರು, ಬರಿಗೈಯಲ್ಲಿ ಹೇಗೆ ಕಳಿಸುವುದು. ಸೊಸೆ ತಟ್ಟೆ ತಂದಳು. ಶಾವಂತ್ರವ್ವನ ಉಡಿ ತುಂಬಿದಳು — ಅಕ್ಕಿ, ಕಾಯಿ, ಎಲೆ ಅಡಿಕೆ, ಕುಪ್ಪಸದ ಖಣ. ನಾನು ರೂಢಿಯಂತೆ ಗೋಡೆಗೆ ಸರಿದು ನಿಂತೆ. ಮನೆಯವರು ತೀರಿಹೋದ ಮೇಲೆ ನನಗೆ ಅದೇ ಜಾಗ. ಸೊಸೆ ನೀಲಿಮಾಳ ತಂಗಿಯ ಸೀಮಂತದಲ್ಲೂ ತಟ್ಟೆ ನನ್ನ ಮುಂದಿನಿಂದ ಹಾಯ್ದು ಹೋಗಿತ್ತು. ಯಾರೂ ಕೆಟ್ಟವರಲ್ಲ. ನೀಲಿಮಾ ಅಂತೂ ಅಲ್ಲವೇ ಅಲ್ಲ. ರೂಢಿ ಹಾಗೆ.

ಕೃಷ್ಣಾಬಾಯಿ ಸೊಸೆಯ ಕೈಯಿಂದ ತಟ್ಟೆ ತೆಗೆದುಕೊಂಡು ನನ್ನ ಮುಂದೆ ಬಂದರು. ಅವರ ಹಣೆಯೂ ಬರಿದೇ.

"ಯಾಕ್ರಿ ಬಾಯಿ, ನಿಮ್ಮ ಸೀರಿಗೆ ಸೆರಗಿಲ್ಲೇನು?"

"ನಾ ಇಲ್ಲದಾಕಿ ಇದ್ದೇನ್ರಿ..."

"ನಾನೂ ಇಲ್ಲದಾಕಿನ. ಗಂಡ ಹ್ವಾದ್ರ ಸೆರಗೂ ಹೋಗ್ತದೇನು? ಹಿಡೀರಿ."

ಹಿಡಿದೆ. ಸೆರಗು ಭಾರವಾಯಿತು. ಲೋಕಲ್‌ನಲ್ಲಿ ಕೂತು ಬರುವಾಗ ಮಡಿಲಲ್ಲಿ ಕಾಯಿ ಇತ್ತು. ಶಾವಂತ್ರವ್ವ ಕಿಟಕಿಯ ಕಡೆ ಮುಖ ಮಾಡಿದ್ದಳು. ಪುಣ್ಯಾತ್ಗಿತ್ತಿ, ನನ್ನನ್ನು ನೋಡಲಿಲ್ಲ.

ಫೆಬ್ರುವರಿ 22, ಶನಿವಾರ

ಉಡಿಯ ಅಕ್ಕಿಯಿಂದ ಅನ್ನ ಮಾಡಿದೆ. ಕಾಯಿ ಒಡೆದು ಚಟ್ನಿ. ಖಣ ನೋಡಿ ನೀಲಿಮಾ ಕೇಳಿದಳು.

"ಅತ್ತಿ, ಯಾರು ಕೊಟ್ರರೀ ಇದು? ಹಸರ ಭಾಳ ಚಲೋ ಅದ."

"ಒಬ್ಬಾಕಿ ಕೊಟ್ಲು."

"ಹೊಲಿಸಿಕೊಳ್ರಿ ಮತ್ತ."

"ನೋಡೂಣು."

ಇನ್ನೂ ಕೇಳುವವಳಿದ್ದಳು. ನನ್ನ ಮುಖ ನೋಡಿ ಸುಮ್ಮನಾದಳು. ಸೊಸೆಯಂದಿರು ಬೇಗ ಕಲಿಯುತ್ತಾರೆ.

ಫೆಬ್ರುವರಿ 24, ಸೋಮವಾರ

ಗಟದಲ್ಲಿ ಎಲ್ಲರಿಗೂ ಹೇಳಿದೆ, ಏಕನಾಥನ ಮಷಿನ್ ಅಂದರೆ ಮಷಿನ್. ರೊಟ್ಟಿ ಹಾಳೆಯ ಹಾಗೆ. ಯಶ್ಮಿತಾ ಕೇಳಿದಳು, "ಅಂಚು ಹೇಗಿತ್ತು ಅಜ್ಜಿ? ಮಷಿನ್ ರೊಟ್ಟಿಯದ್ದು ಅಂಚು ಒಡೀತದೆ ಅಂತಾರಲ್ಲ."

"ಅಂಚಿಗೇನಾಗ್ಯದ? ನೀ ನೋಡೀಯೇನು? ನೋಡದಾಕಿ ಸುಮ್ನ ಕೂಡು."

ಹೆದರಿ ಕೂತಳು. ಮೂರನೇ ಕೊಟೇಶನ್ ಒಂದು ದೊಡ್ಡ ಕಂಪನಿಯಿಂದ ಪೋಸ್ಟಿನಲ್ಲಿ ಬಂತಂತೆ. ಮೂರೂ ಕವರ್ ಗಟದ ಟ್ರಂಕಿನಲ್ಲಿವೆ. ಬೀಗ ಹಾಕಿದೆ.

ಫೆಬ್ರುವರಿ 26, ಬುಧವಾರ. ಶಿವರಾತ್ರಿ

ಉಪವಾಸ. ಹೊಟ್ಟೆ ಖಾಲಿ ಇದ್ದರೆ ತಲೆ ಬೇಡದ್ದನ್ನೆಲ್ಲ ಅಗಿಯುತ್ತದೆ.

ಅಂಚು ಒಡೆದಿತ್ತು.

ತಳೇಗಾಂವದ ರೊಟ್ಟಿಯ ಅಂಚು ಒಂದು ಕಡೆ ಒಡೆದಿತ್ತು. ಕಣ್ಣಾರೆ ನೋಡಿದ್ದೆ. ಆದರೆ ಉಡಿ ತುಂಬಿಸಿಕೊಂಡು ಬಂದ ಮೇಲೆ ಆ ಅಂಚು ನನ್ನ ನೆನಪಿನಲ್ಲಿ ತಾನೇ ಕೂಡಿಕೊಂಡುಬಿಟ್ಟಿತ್ತು. ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಹೇಳುವಾಗ ನಿಜವೇ ಅನ್ನಿಸಿತ್ತು. ಅದಕ್ಕೇ ಹೆಚ್ಚು ಅಂಜಿಕೆ.

ಸುಖೇಶನ ಕಾರು ಬೇಡ ಅಂದವಳು ನಾನು. ಕಾರು ಬೇಡ ಅನ್ನುವುದು ಸುಲಭ — ನನಗೆ ಕಾರಿನ ಆಸೆ ಇರಲಿಲ್ಲ. ಯಾರಿಗೆ ಯಾವುದರ ಹಸಿವಿದೆಯೋ ಅದೇ ಅವರಿಗೆ ಲಂಚ ಇರಬೇಕು. ಕೃಷ್ಣಾಬಾಯಿ ಲಂಚ ಕೊಟ್ಟರೇ? ಇಲ್ಲ. ಶಿವನಾಣೆ ಇಲ್ಲ. ನಾನು ತಗೊಂಡೆನೇ? ಗೊತ್ತಿಲ್ಲ. ಕೊಡದೆಯೂ ತಗೊಳ್ಳಲಿಕ್ಕೆ ಬರುತ್ತದೇನೋ.

ದಿಲ್ಲಿಯಲ್ಲಿ ಕೂತು ಈ ನಿಯಮ ಬರೆದವನಿಗೆ ಉಡಿ ಅಂದರೆ ಏನೆಂದು ಗೊತ್ತಿರಲಿಕ್ಕಿಲ್ಲ. ಆದರೆ ಉಡಿ ತುಂಬಿದವಳ ಮನಸ್ಸು ಹೇಗೆ ವಾಲುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಅಂತ ನಮ್ಮವ್ವ ಹೇಳುತ್ತಿದ್ದಳು. ಅದಕ್ಕೇ ಉಪ್ಪು ತಿನ್ನಬೇಡ ಅನ್ನುತ್ತದೆ ನಿಯಮ.

ಹೇಳಿದರೆ? ಏಕನಾಥನ ಕವರ್ ತೆಗೆದು ಹಾಕಿದರೆ ಉಳಿಯುವುದು ಎರಡು. ಮೂರಿಲ್ಲದೆ ಖರೀದಿ ಇಲ್ಲ. ಮತ್ತೆ ಮೊದಲಿಂದ. ಮಾರ್ಚ್ ಮುಗಿಯುತ್ತದೆ, ಹಣ ದಿಲ್ಲಿಗೆ ಹೋಗುತ್ತದೆ, ಶಾವಂತ್ರವ್ವ ಆ ಕೈಯಲ್ಲೇ ಬಡಿಯುತ್ತಾಳೆ.

ಹೇಳದಿದ್ದರೆ? ಯಾರಿಗೂ ಗೊತ್ತಾಗುವುದಿಲ್ಲ.

ಗುಡಿಗೆ ಹೋಗಲಿಲ್ಲ. ಮೊಣಕಾಲು ನೋವು ಎಂದೆ.

ಮಾರ್ಚ್ 3, ಸೋಮವಾರ. ಸಂಜೆ

ಹೇಳಿದೆ.

ಕವರ್ ಒಡೆಯುವ ಸಭೆ. ಗಟದವರೆಲ್ಲ ಬಂದಿದ್ದರು. ಲೀಲಾಕ್ಷಿ ಬಾಗಿಲ ಬಳಿ. ಕವರ್ ಒಡೆಯುವ ಮೊದಲು ಕಮಿಟಿಯವರು ಸಹಿ ಮಾಡಬೇಕೆಂದು ಶಮಂತ್ ಓದಿದ — ಮಾರುವವರಿಂದ ಉಡುಗೊರೆ, ಊಟ, ಉಪಚಾರ ಏನನ್ನೂ ಪಡೆದಿಲ್ಲ. ಯಶ್ಮಿತಾ ಸಹಿ ಮಾಡಿದಳು. ಶಾವಂತ್ರವ್ವ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡಳು. ಅವಳ ಕೈ ಹಿಡಿದೆ.

"ತಡಿ. ನಾವು ಸಹಿ ಮಾಡಾಕ ಬರಂಗಿಲ್ಲ. ತಳೇಗಾಂವದಾಗ ನಮಗ ಉಡಿ ತುಂಬ್ಯಾರ."

ಶಾವಂತ್ರವ್ವ ಕೈ ಕೊಸರಿದಳು. ಶಾಯಿ ನನ್ನ ಸೀರೆಗೆ ಹತ್ತಿತು.

"ರಾಧಕ್ಕ, ತಲಿ ಕೆಟ್ಟದೇನು? ಉಡಿ ಅಂದ್ರ ದೇವಿ ಪ್ರಸಾದ. ಪ್ರಸಾದಕ್ಕ ಲಂಚ ಅಂತೀಯೇನು?"

"ನಾ ಲಂಚ ಅನ್ನವಲ್ಲೆ. ತಗೊಂಡೇವಿ ಅಂತೀನಿ ಅಷ್ಟ. ಮತ್ತ ಆ ಮಷಿನ್ ರೊಟ್ಟಿ ಅಂಚು ಒಡದಿತ್ತು. ನಾ ಯಶ್ಮಿತಾಗ ಸುಳ್ಳ ಹೇಳಿದೆ."

ಬಾಗಿಲ ಬಳಿಯಿಂದ ಲೀಲಾಕ್ಷಿ ಕೇಳಿದಳು.

"ನಮ್ಮ ಸುಖೇಶನ ಕಾರಲ್ಲಿ ಕೂತ್ರೆ ಮಾತ್ರ ಮೈಲಿಗೆಯಾ ಅಧ್ಯಕ್ಷರೇ?"

ಕಾಯುತ್ತಲೇ ಇದ್ದೆ ಆ ಮಾತಿಗೆ. ಅವಳಿಗೆ ಹಕ್ಕಿತ್ತು.

"ನಿನ್ನ ಮಾತು ಖರೆ ಲೀಲಾಕ್ಷಿ. ಇನ್ನೊಂದೆರಡು ಅನ್ನು. ಕೇಳ್ತೀನಿ."

ಅವಳು ಇನ್ನೊಂದೆರಡು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಶಮಂತ್ ನಗಲಿಲ್ಲ, ಬೈಯಲಿಲ್ಲ. ಉಡಿಯಲ್ಲಿ ಏನೇನು ಇರುತ್ತದೆ ಎಂದು ಕೇಳಿ ಬರೆದುಕೊಂಡ. "ಅಜ್ಜಿ, ಇದನ್ನ ನಾನು ಡಿಸೈಡ್ ಮಾಡೋಕಾಗಲ್ಲ. ಮೇಲೆ ಕೇಳ್ಬೇಕು. ಕವರ್ ಹಾಗೇ ಇರಲಿ." ಅಧ್ಯಕ್ಷರೇ ಅನ್ನಲಿಲ್ಲ, ಅಜ್ಜಿ ಅಂದ. ನಾನೂ ತಿದ್ದಲಿಲ್ಲ.

ಕವರ್‌ಗಳು ಮತ್ತೆ ಟ್ರಂಕಿಗೆ ಹೋದವು. ಶಾವಂತ್ರವ್ವ ಒಬ್ಬಳೇ ಮನೆಗೆ ಹೋದಳು. ದಿನಾ ಇಬ್ಬರೂ ಕೂಡಿ ಹೋಗುತ್ತಿದ್ದೆವು.

ಮಾರ್ಚ್ 8, ಶನಿವಾರ

ಮೇಲಿನಿಂದ ಉತ್ತರ ಇಲ್ಲ. ಮಹಿಳಾ ದಿನವಂತೆ. ನಗರಸೇವಕಿ, ಅದೇ ಕಾರ್ಪೊರೇಟರ್, ಗುಲಾಬಿ ಹಂಚಿ ಹೋದಳು. ಶಾವಂತ್ರವ್ವ ಗುಲಾಬಿಯನ್ನು ಕಿವಿಗೆ ಸಿಕ್ಕಿಸಿಕೊಂಡು ರೊಟ್ಟಿ ಬಡಿದಳು. ನನ್ನ ಜೊತೆ ಮಾತಿಲ್ಲ. ಎಡಗೈಯಲ್ಲಿ ಬಡಿಯಲು ಕಲಿಯುತ್ತಿದ್ದಾಳೆ.

ಮಾರ್ಚ್ 12, ಬುಧವಾರ

ಉತ್ತರ ಬಂತು.

ನಾವಿಬ್ಬರೂ ಕಮಿಟಿಯಿಂದ ಹೊರಗೆ. ಬೇರೆ ಇಬ್ಬರು ಬರಬೇಕು. ಮಷಿನ್‌ಗಳನ್ನು ಅವರು ಹೊಸದಾಗಿ ನೋಡಬೇಕು. ಏಕನಾಥ ಬರೆದು ಕೊಡಬೇಕು, ಉಡಿ ಯಾಕೆ ತುಂಬಿದಿರಿ ಎಂದು. ಅದು ಒಪ್ಪಿಗೆಯಾದರೆ ಅವನ ಕವರ್ ಉಳಿಯುತ್ತದೆ. ಮತ್ತೆ, ತಗೊಂಡದ್ದನ್ನು ವಾಪಸ್ ಮಾಡಬೇಕು, ಇಲ್ಲವೇ ಅದರ ಬೆಲೆ ಅನುದಾನದ ಖಾತೆಗೆ ಕಟ್ಟಬೇಕು.

ಉಡಿ ವಾಪಸ್ ಮಾಡುವುದೇ? ಸತ್ತರೂ ಇಲ್ಲ. ಕೊಟ್ಟವರ ಮನೆಗೆ ಒಳ್ಳೆಯದಲ್ಲ. ತಿಂದೂ ಆಗಿದೆ. ಬೆಲೆ ಕಟ್ಟುವುದೇ ಸೈ.

ಬೆಲೆ ನಾನೇ ಬರೆದೆ. ಅಕ್ಕಿಗೆ ಇಷ್ಟು. ಕಾಯಿಗೆ ಇಷ್ಟು. ಖಣಕ್ಕೆ ಇಷ್ಟು. ಎಲೆ ಅಡಿಕೆಗೆ ಎಷ್ಟು ಎಂದು ಶಮಂತ್‌ನನ್ನು ಕೇಳಿದೆ. ಅವನಿಗೂ ಗೊತ್ತಿಲ್ಲ. ಜೀವಮಾನದಲ್ಲಿ ಯಾವ ಸಂತೆಯಲ್ಲೂ ಇಷ್ಟು ಕಷ್ಟದ ಲೆಕ್ಕ ಮಾಡಿರಲಿಲ್ಲ. ಶಾವಂತ್ರವ್ವ ತನ್ನದಕ್ಕೆ ಬೆಲೆ ಹೇಳಲು ಒಪ್ಪಲಿಲ್ಲ. ಅವಳದನ್ನೂ ನಾನೇ ಕಟ್ಟಿದೆ. ಅವಳಿಗೆ ಹೇಳಿಲ್ಲ.

ಮಾರ್ಚ್ 14, ಶುಕ್ರವಾರ

ಏಕನಾಥ ಫೋನ್ ಮಾಡಿದ್ದ.

"ಬರದ ಕೊಟ್ಟೀನ್ರಿ ಬಾಯಿ. ನಮ್ಮ ತಾಯಿ ವ್ಯಾಪಾರದ ಆಸೀಲಿಂದ ಉಡಿ ತುಂಬಿಲ್ಲ, ರೂಢಿ ಪ್ರಕಾರ ತುಂಬ್ಯಾಳ ಅಂತ. ಅವ್ವನ ಹೆಬ್ಬೆಟ್ಟೂ ಬೇಕು ಅಂದ್ರು. ಒತ್ತುವಾಗ ಕೇಳಿದ್ಲು, ಇದು ಯಾರ ತಪ್ಪಿನ ಕಾಗದಪಾ ಅಂತ."

"ಏನ ಹೇಳ್ದಿ?"

"ಏನ ಹೇಳ್ಳಿ? ನೀವ ಹೇಳ್ರಿ, ಏನ ಹೇಳಬೇಕಿತ್ತು?"



"ಅವ್ವಗ ಫೋನ ಕೊಡಪಾ" ಎಂದೆ. ಆ ಕಡೆ ಏನೋ ಗುಸುಗುಸು. ಮತ್ತೆ ಏಕನಾಥನೇ.

"ಕೆಲಸದಾಗ ಅದಾಳಂತ್ರಿ."

ನನ್ನನ್ನು ಗೋಡೆಯಿಂದ ಕರೆದು ನಡುಮನೆಯಲ್ಲಿ ನಿಲ್ಲಿಸಿದವರು. ಅವರ ಕೈಯಿಂದ ತಪ್ಪಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿದೆ.

ಮತ್ತೆ ಅದೇ ಪ್ರಸಂಗ ಬಂದರೆ ಹೇಳುತ್ತೇನೆಯೇ? ಹೇಳುತ್ತೇನೆ. ಹೇಳಿದ್ದಕ್ಕೆ ದುಃಖವಿಲ್ಲ ಎಂದರೆ ಅದೂ ಸುಳ್ಳು. ಸರಿಯಾದದ್ದು ಮಾಡಿದರೆ ಮನಸ್ಸು ಹಗುರಾಗುತ್ತದೆ ಎಂದು ಕೀರ್ತನಕಾರರು ಹೇಳುತ್ತಾರೆ. ಅವರ ಮನಸ್ಸು ಯಾವ ತಕ್ಕಡಿಯದೋ.

ಮಾರ್ಚ್ 19, ಬುಧವಾರ

ಹೊಸ ಕಮಿಟಿ ಕವರ್ ಒಡೆಯಿತು. ನಾನು, ಶಾವಂತ್ರವ್ವ, ಲೀಲಾಕ್ಷಿ — ಮೂವರೂ ಹೊರಗೆ ಕಟ್ಟೆಯ ಮೇಲೆ. ಲೀಲಾಕ್ಷಿಯೇ ಮೊದಲು ಮಾತಾಡಿದಳು. "ಒಳಗಿದ್ದವರಿಗಿಂತ ಹೊರಗಿದ್ದವರದ್ದೇ ಕಮಿಟಿ ದೊಡ್ಡದಾಯ್ತಲ್ಲ ಮಾರಾಯ್ರೆ." ಶಾವಂತ್ರವ್ವ ಫಕ್ಕನೆ ನಕ್ಕಳು. ನನ್ನ ತೊಡೆಗೆ ಒಂದು ಏಟು ಕೊಟ್ಟಳು, ಬಾತ ಕೈಯಲ್ಲೇ. ನೋವಾದದ್ದು ಅವಳಿಗೆ.

ಏಕನಾಥನದೇ ಎಲ್ಲಕ್ಕಿಂತ ಕಡಿಮೆ ಬೆಲೆ. ಕಾಗದವೂ ಒಪ್ಪಿಗೆಯಾಗಿದೆ. ಆದರೆ ಯಶ್ಮಿತಾ ವರದಿಯಲ್ಲಿ ಬರೆದಿದ್ದಳು, ರೊಟ್ಟಿಯ ಅಂಚು ಒಡೆಯುತ್ತದೆ ಎಂದು. ಶಮಂತ್ ಏಕನಾಥನಿಗೆ ತಿಳಿಸಿದ. ಏಕನಾಥ ಒತ್ತುವ ತಟ್ಟೆಯನ್ನೇ ಬದಲಿಸಿ, ಯಶ್ಮಿತಾಳನ್ನು ಕರೆಸಿ ಮತ್ತೆ ರೊಟ್ಟಿ ಮಾಡಿ ತೋರಿಸಿದ್ದನಂತೆ. ಈಗ ಒಡೆಯುವುದಿಲ್ಲ. ಆರ್ಡರ್ ಅವನಿಗೇ.

ನಾನು ಕಮಿಟಿಯಲ್ಲಿದ್ದರೆ ಅಂಚಿನ ಮಾತು ಬರೆಯುತ್ತಿರಲಿಲ್ಲ. ಒಡಕು ರೊಟ್ಟಿಯ ಮಷಿನ್ ಬರುತ್ತಿತ್ತು. ಯಶ್ಮಿತಾಗೆ ಹೇಳಿದೆ, ನೀನು ಕೇಳಿದ್ದು ಸರಿ ಇತ್ತು ಎಂದು. ಹುಡುಗಿ ಇನ್ನೂ ಹೆದರಿದಳು. ನನ್ನಿಂದ ಒಳ್ಳೆಯ ಮಾತು ಕೇಳಿ ರೂಢಿ ಇಲ್ಲ.

ಮಾರ್ಚ್ 27, ಗುರುವಾರ. ಮಧ್ಯಾಹ್ನ

ಮಷಿನ್ ಬಂತು. ಟೆಂಪೋದಲ್ಲಿ ಏಕನಾಥನ ಜೊತೆ ಕೃಷ್ಣಾಬಾಯಿಯೂ ಬಂದರು.

ಓಣಿಯವರೆಲ್ಲ ಮಷಿನ್ ಸುತ್ತ. ಮೊದಲ ಉಂಡೆಯನ್ನು ಶಾವಂತ್ರವ್ವನ ಕೈಯಿಂದ ಹಾಕಿಸಿದರು. ನಾನು ಹೋಗಲಿಲ್ಲ, ಬಾಗಿಲಲ್ಲೇ ನಿಂತಿದ್ದೆ. ಕೃಷ್ಣಾಬಾಯಿ ಯಾರನ್ನೋ ಕೇಳಿಕೊಂಡು ನೆಟ್ಟಗೆ ನಮ್ಮ ಮನೆಗೇ ಬಂದರು. ಹೊಸ್ತಿಲಾಚೆ ನಿಂತರು.

"ಒಳಗ ಬರ್ರಿ" ಎಂದೆ.

"ಬಂದ್ರ ನಡೀತದೇನ್ರಿ? ಇಲ್ಲಾ ಅದಕ್ಕೂ ಹೆಬ್ಬೆಟ್ಟು ಒತ್ತಬೇಕೇನು?"

"ಒತ್ತೂದಿದ್ರ ಈ ಸರತೆ ನಾ ಒತ್ತತೀನ್ರಿ."

ನನ್ನನ್ನು ನೋಡಿದರು. ಒಳಗೆ ಬಂದು ಚಾಪೆಯ ಮೇಲೆ ಕೂತರು. ನೀಲಿಮಾ ಊಟಕ್ಕೆ ಏಳಿಸಲು ಬಂದಳು. ಅವರು ತಲೆಯಾಡಿಸಿದರು.

"ಬ್ಯಾಡವಾ. ಬಿಲ್ ಇನ್ನ ಪಾಸ ಆಗಿಲ್ಲ. ನಿಮ್ಮತ್ತಿ ಮತ್ತ ಕಚೇರಿಗೆ ಹೇಳ್ಯಾಳು. ನನ್ನ ಬುತ್ತಿ ನಾ ತಂದೀನಿ."

ಚುಚ್ಚಿದ್ದು ಹೌದು. ಆದರೆ ಗಂಟು ಬಿಚ್ಚುವಾಗ ತುಟಿಯ ಮೂಲೆ ನಡುಗುತ್ತಿತ್ತು, ನಗು ತಡೆದವರ ಹಾಗೆ. ನಾನೂ ನನ್ನ ತಾಟು ತಂದು ಪಕ್ಕದಲ್ಲಿ ಕೂತೆ. ಇಬ್ಬರೂ ಉಂಡೆವು. ಅವರದು ಅವರು, ನನ್ನದು ನಾನು. ಅವರ ಅಗಸಿ ಚಟ್ನಿಯ ವಾಸನೆ ಮನೆಯೆಲ್ಲ ತುಂಬಿತ್ತು. ಕೇಳಲಿಲ್ಲ. ನನ್ನ ತಾಟಿನ ಉಪ್ಪಿನಕಾಯಿಯ ಕಡೆ ಅವರೂ ಒಮ್ಮೆ ನೋಡಿದರು. ಅವರೂ ಕೇಳಲಿಲ್ಲ. ನೀಲಿಮಾ ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಲೇ ಇದ್ದಳು. ಎರಡು ಮುದುಕಿಯರು ಪಕ್ಕಪಕ್ಕ ಕೂತು, ಹಂಚಿಕೊಳ್ಳದೆ ಉಣ್ಣುವುದನ್ನು ಯಾರು ನೋಡಿದ್ದಾರೆ?

ಕೈ ತೊಳೆದು ಬಂದು ಅವರೇ ಕೇಳಿದರು.

"ಬಿಲ್ ಯಾವಾಗ ಪಾಸ ಆಗ್ತದಂತ್ರಿ?"

"ನಾಳೆ ನಾಡದ ಅಂತಾರ. ಅಷ್ಟರಾಗ ಯುಗಾದಿ ಬಂದಬಿಡ್ತದ."

"ಯುಗಾದಿ ಆದಮ್ಯಾಲೆ ಶುಕ್ರವಾರ ಬರ್ತದಲ್ಲ" ಎಂದರು. ಅಷ್ಟೇ ಎಂದು ಮಗ್ಗುಲಾದರು.

ಈಗ ನಿದ್ದೆ ಹತ್ತಿದೆ ಅವರಿಗೆ. ಸಣ್ಣ ಗೊರಕೆ. ಹೊರಗೆ ಮಷಿನ್ ಸದ್ದು ಕೇಳುತ್ತಿದೆ. ಆ ಶುಕ್ರವಾರ ಲೋಕಲ್ ಹಿಡಿದು ನಾನೇ ತಳೇಗಾಂವಕ್ಕೆ ಹೋಗಬೇಕು. ಅಕ್ಕಿ, ಕಾಯಿ, ಖಣ. ಅವರ ಸೆರಗಿಗೆ ನನ್ನ ಕೈಯಿಂದ... ಮಾರುವವರಿಗೆ ಕೊಡುವುದಕ್ಕೆ ನಿಯಮ ಇದೆಯೋ ಇಲ್ಲವೋ, ಮೊದಲು ಶಮಂತ್‌ನನ್ನು ಕೇಳಿ —

ಎದ್ದರು. ಕರೆಯುತ್ತಿದ್ದಾರೆ, ಉಳಿದದ್ದು ಆಮೇಲೆ.